ಸ್ಟೀರಿಯೊಗಿಂತ ಮೊದಲು ಕೋಣೆ

ಅಂಗಡಿಯಲ್ಲಿ ಇಂಪಾಗಿದ್ದ ಸ್ಟೀರಿಯೊ ಮನೆಗೆ ಬಂದೊಡನೆ ಗದ್ದಲವೆನಿಸುವುದುಂಟು. ತಪ್ಪು ಬಹುಪಾಲು ಕೋಣೆಯದು. ಗ್ರಾನೈಟ್ ನೆಲ, ಗಾರೆ ಗೋಡೆ, ಕಾಂಕ್ರೀಟ್ ತಾರಸಿ ಮೂರೂ ಶಬ್ದವನ್ನು ಹೀರದೆ ಹಿಂದಕ್ಕೆಸೆಯುತ್ತವೆ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಶಬ್ದ 5.5 ಸೆಕೆಂಡು ಅನುರಣಿಸಿ ಪಾಠವೇ ಕೇಳಿಸುತ್ತಿರಲಿಲ್ಲ. ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ರಂಗಮಂದಿರವೊಂದರ ಮೆತ್ತೆಗಳನ್ನು ರಾತ್ರಿ ತಂದು ಹರಡಿ, ಎಷ್ಟು ಮೆತ್ತೆಗೆ ಎಷ್ಟು ಅನುರಣನ ತಗ್ಗುತ್ತದೆಂದು ಅಳೆದರು.

ಮನೆಗೂ ಅದೇ ಮದ್ದು. ನೆಲಕ್ಕೆ ಜಮಖಾನ, ಪಕ್ಕದ ಗೋಡೆಗೆ ದಪ್ಪ ಪರದೆ ಹಾಕಿದರೆ ಕರ್ಕಶತೆ ತಗ್ಗುತ್ತದೆ. ಗುಂಯ್‌ಗುಡುವ ಮಂದ್ರಸ್ವರಕ್ಕೆ ಇವು ಸಾಲವು. ಮೂಲೆಗಳಲ್ಲಿ ಅರ್ಧ ಅಡಿ ದಪ್ಪದ ರಾಕ್‌ವೂಲ್ ಇಡಬೇಕು. ಸ್ಪೀಕರನ್ನು ಮೂಲೆಯಿಂದ ಈಚೆಗೆಳೆಯಲು ಖರ್ಚೇ ಇಲ್ಲ.

ಈಗ ಮೈಕಿನಿಂದ ಕೋಣೆಯನ್ನು ಅಳೆದು ಧ್ವನಿಯನ್ನು ತಾವೇ ತಿದ್ದುವ ಆಂಪ್ಲಿಫೈಯರ್‌ಗಳಿವೆ. ಉಬ್ಬಿದ ಸ್ವರವನ್ನು ಅವು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಅಲೆಗೆ ಅಲೆ ಎದುರಾಗಿ ಅಳಿದ ಸ್ವರವನ್ನು ತುಂಬಲಾರವು. 10 ಡೆಸಿಬೆಲ್ ಏರಿಸಲು 10 ಪಟ್ಟು ವಿದ್ಯುತ್ ಬೇಕು. ಗೋಡೆಯಿಂದ ಮರಳುವ ಅಲೆಯೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ. ಅಂಥಲ್ಲಿ ಕುರ್ಚಿಯನ್ನು ಒಂದೆರಡು ಅಡಿ ಸರಿಸಿ ನೋಡುವುದೇ ಲೇಸು.