ಬ್ಯಾಗ್ ಹಿಡಿದವರಿಗೂ ಒಂದು ಸೀಟು



ನಮ್ಮ ಮನೆ ಇರುವುದು ಮೈಸೂರಿನ ಸಿದ್ಧಾರ್ಥನಗರದಲ್ಲಿ. ತಾರಸಿ ಹತ್ತಿದರೆ ಚಾಮುಂಡಿಬೆಟ್ಟ ಎದುರಿಗೇ ಕಾಣುತ್ತದೆ. ಈ ಬೇಸಿಗೆ ರಜೆಯಲ್ಲಿ ಬೆಟ್ಟ ನೋಡುವುದನ್ನು ಬಿಟ್ಟು ನಾನೂ ನನ್ನ ಮೊಮ್ಮಗಳೂ ದಿನಕ್ಕೊಂದು ಗಂಟೆ ಟ್ಯಾಬ್ ಮುಂದೆ ಕೂತೆವು. ಅವಳು ಏಳನೇ ಕ್ಲಾಸು. ನಾವಾಡಿದ ಆಟದ ಹೆಸರು ‘ರೋಲರ್‌ಕೋಸ್ಟರ್ ಟೈಕೂನ್’. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಎಂಬುವರು 1999ರಲ್ಲಿ ಹೊರತಂದ ಆಟ. ಸಾಲ ತೆಗೆದು ಒಂದು ಪಾರ್ಕ್ ಕಟ್ಟಬೇಕು, ಜನರನ್ನು ಸೆಳೆಯಬೇಕು, ಸಾಲ ತೀರಿಸಬೇಕು. ಅಷ್ಟೇ.

ನಮ್ಮ ಪುಟ್ಟಿ ಆರಿಸಿಕೊಂಡ ಜಾಗ ಚಿಕ್ಕದು. ಅದರಲ್ಲಿ ‘ದಸರಾ ಪಾರ್ಕ್’ ಮಾಡುತ್ತೇನೆ ಎಂದಳು. ಮೊದಲ ದಿನವೇ ಇದ್ದ ದುಡ್ಡನ್ನೆಲ್ಲ ಸುರಿದು ಒಂದೇ ಒಂದು ರೋಲರ್ ಕೋಸ್ಟರ್ ಕಟ್ಟಿದಳು. ಅದು ಎತ್ತರವೆಂದರೆ ಎತ್ತರ, ತಿರುವುಗಳೋ ಕತ್ತರಿಸಿದ ಹಾಗೆ.

ಈ ಆಟದಲ್ಲಿ ಪ್ರತಿ ಸವಾರಿಗೂ ಮೂರು ಅಂಕ ಬರುತ್ತವೆ. ಎಷ್ಟು ಮಜಾ, ಎಷ್ಟು ಬಿರುಸು, ಎಷ್ಟು ವಾಕರಿಕೆ. ಪರೀಕ್ಷೆಗೆ ಗಾಡಿ ಓಡಿಸಿದಾಗ ಬಿರುಸು 10 ದಾಟಿತು. “ಸೂಪರ್ ತಾತ!” ಎಂದು ಕುಣಿದಳು. ಗೇಟು ತೆರೆದಳು. ಜನ ಬಂದರು, ತಲೆಯೆತ್ತಿ ನೋಡಿದರು, ‘ಇದು ನನಗೆ ಬಹಳ ಬಿರುಸು’ ಎಂದುಕೊಂಡು ಮುಂದೆ ಹೋದರು. ಕ್ಯೂ ಖಾಲಿ. ಬಡ್ಡಿ ಮಾತ್ರ ತಪ್ಪದೆ ಏರುತ್ತಿತ್ತು.

“ಜನಕ್ಕೆ ಧೈರ್ಯಾನೇ ಇಲ್ಲ ತಾತ.”

“ಧೈರ್ಯದ ಮಾತು ಆಮೇಲೆ. ಮೊದಲು ತಿರುವು ನೋಡು. ಬೆಟ್ಟದ ರಸ್ತೆಯಲ್ಲಿ ಬಸ್ಸು ತಿರುಗುವಾಗ ಏನಾಗುತ್ತೆ?”

“ಒಂದು ಕಡೆಗೆ ವಾಲ್ತೀವಿ.”

“ಅದಕ್ಕೇ ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಸ್ವಲ್ಪ ಎತ್ತರಿಸಿರುತ್ತಾರೆ. ನಿನ್ನ ಹಳಿ ಚಪ್ಪಟೆಯಾಗಿದೆ. ಕೂತವರ ಕತ್ತು ಏನಾಗಬೇಕು?”

ಅವಳು ಕತ್ತು ಮುಟ್ಟಿ ನೋಡಿಕೊಂಡಳು.

ಎತ್ತರದ ಲೆಕ್ಕವನ್ನೂ ಮಾಡಿದೆವು. ಹೆಚ್ಚಿನ ರೋಲರ್ ಕೋಸ್ಟರ್ ಗಾಡಿಗಳಿಗೆ ಎಂಜಿನ್ ಇರುವುದಿಲ್ಲ. ಸರಪಳಿ ಮೊದಲ ದಿಬ್ಬಕ್ಕೆ ಎಳೆದು ಬಿಡುತ್ತದೆ, ಉಳಿದದ್ದೆಲ್ಲ ಇಳಿಜಾರಿನ ಕೆಲಸ. ಹಾಗಾಗಿಯೇ ಮೊದಲ ದಿಬ್ಬ ಎಲ್ಲಕ್ಕಿಂತ ಎತ್ತರ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ 20 ಮೀಟರ್ ಇಳಿದ ಗಾಡಿಗೆ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ಬರುತ್ತದೆ. ನಮ್ಮ ಚಾಮುಂಡಿಬೆಟ್ಟ ಊರಿಗಿಂತ ಹೆಚ್ಚುಕಡಿಮೆ 300 ಮೀಟರ್ ಎತ್ತರ. ಅಲ್ಲಿಂದ ಹಾಗೆ ಇಳಿದರೆ ಗಂಟೆಗೆ 270 ಕಿಲೋಮೀಟರಿಗೂ ಹೆಚ್ಚು! “ನಂದಿ ಹತ್ರ ಬ್ರೇಕ್ ಹಾಕ್ಬೇಕು” ಎಂದಳು ಪುಟ್ಟಿ.

ಮೊದಮೊದಲು ಇಷ್ಟು ಆತುರ ಇರಲಿಲ್ಲ. 1884ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಕಟ್ಟಿದ ಗಾಡಿ ಗಂಟೆಗೆ ಸುಮಾರು 10 ಕಿಲೋಮೀಟರ್ ಓಡುತ್ತಿತ್ತು. ನಾವು ಆರಾಮಾಗಿ ಸೈಕಲ್ ತುಳಿದಷ್ಟು. ಐದು ಸೆಂಟ್ ಕೊಟ್ಟು ಜನ ಸಾಲುಗಟ್ಟಿ ಹತ್ತುತ್ತಿದ್ದರು.

“ಸರಿ, ಈಗ ಹೇಳು. ನಿನ್ನ ಪಾರ್ಕಿಗೆ ಯಾರು ಬರ್ತಾರೆ?” ಎಂದು ಕೇಳಿದೆ.

“ಎಲ್ಲರೂ.”

“ಎಲ್ಲರೂ ಅಂದ್ರೆ? ಪಟ್ಟಿ ಮಾಡು.”

ಪುಸ್ತಕ ತಂದು ಬರೆದಳು. ಚಿಕ್ಕಪ್ಪ: ಏನಾದರೂ ಹತ್ತುತ್ತಾನೆ. ಅಮ್ಮ: ಬೆಟ್ಟದ ಬಸ್ಸಿನಲ್ಲೇ ವಾಂತಿ. ತಮ್ಮ: ನಾಲ್ಕು ವರ್ಷ, ಎತ್ತರ ಸಾಲದು. ತಾತ: ಹೃದಯಕ್ಕೆ ಸ್ಟೆಂಟ್ ಹಾಕಿದೆ, ಡಾಕ್ಟರು ಬೇಡ ಎಂದಿದ್ದಾರೆ. ಅಜ್ಜಿ... ಅಲ್ಲಿಗೆ ಪೆನ್ಸಿಲ್ ನಿಂತಿತು.

“ತಾತ, ಹೋದ ದಸರಾದಲ್ಲಿ ಎಕ್ಸಿಬಿಷನ್‌ಗೆ ಹೋಗಿದ್ವಲ್ಲ? ನಾವೆಲ್ಲ ಜೈಂಟ್ ವೀಲು, ಕೊಲಂಬಸ್ಸು ಅಂತ ಓಡ್ತಾ ಇದ್ವಿ. ನೀವೂ ಅಜ್ಜೀನೂ ಏನ್ ಮಾಡಿದ್ರಿ?”

“ಬೆಂಚಿನ ಮೇಲೆ ಕೂತು ನಿಮ್ಮ ಬ್ಯಾಗು, ಚಪ್ಪಲಿ ಕಾಯ್ತಾ ಇದ್ವಿ. ಡೆಲ್ಲಿ ಹಪ್ಪಳ ತಿಂದ್ವಿ.”

ಅಡುಗೆಮನೆಯಿಂದ ದನಿ ಬಂತು. “ನನಗೂ ಜೈಂಟ್ ವೀಲ್ ಹತ್ತೋ ಆಸೆ ಇತ್ತು ಕಣೇ. ಮದುವೆಯಾದ ವರ್ಷ ನಿಮ್ಮ ತಾತನ ಜೊತೆ ಹತ್ತಿದ್ದೇ ಕೊನೆ. ಆಮೇಲೆ ಯಾರೂ ಕೇಳಲಿಲ್ಲ.”

ದೊಡ್ಡಕೆರೆ ಮೈದಾನಕ್ಕೆ ಅವಳನ್ನು ಎಷ್ಟು ದಸರಾಗಳಲ್ಲಿ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ‘ಮಂಡಿನೋವು, ಅವಳಿಗೆಲ್ಲಿ ಆಗುತ್ತೆ’ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಕೇಳದವರಲ್ಲಿ ಮೊದಲಿಗನೇ ನಾನು.

ಪುಟ್ಟಿ ಮಾತಾಡದೆ ದೊಡ್ಡ ಕೋಸ್ಟರನ್ನು ಕೆಡವಿದಳು. ಹಾಕಿದಷ್ಟು ದುಡ್ಡು ವಾಪಸ್ ಬರಲಿಲ್ಲ, ಬಂದದ್ದರಲ್ಲೇ ಮತ್ತೆ ಶುರುಮಾಡಿದಳು. ಮೊದಲು ಪುಟಾಣಿಗಳ ಜೂನಿಯರ್ ಕೋಸ್ಟರ್. ದಿಬ್ಬಗಳು ಸಣ್ಣವು, ಖರ್ಚೂ ಕಡಿಮೆ. ಅದರ ಕ್ಯೂ ತುಂಬಿತು, ದುಡ್ಡು ಬಂತು. ಎರಡನೆಯದು ಮೈನ್ ಟ್ರೇನ್. ಅದರ ತಿರುವುಗಳನ್ನೆಲ್ಲ ವಾಲಿಸಿ, ಸುತ್ತ ಮರ ನೆಟ್ಟು, ಒಂದು ಸುರಂಗ ಕೊರೆದಳು. ಎತ್ತರ ಕೂಡಿಸದೆಯೇ ಮಜಾದ ಅಂಕ ಏರಿತು! ಮರದ ಕೋಸ್ಟರ್ ಚೆಂದ, ಆದರೆ ಜಾಗ ನುಂಗುತ್ತದೆ ಎಂದು ಬಿಟ್ಟಳು.

ಮೂರನೆಯದು ಚಿಕ್ಕಪ್ಪನಂಥವರಿಗೆ, ತಲೆಕೆಳಗಾಗುವ ಒಂದು ಲೂಪ್ ಇರುವುದು. ಲೂಪ್ ಪೂರ್ತಿ ದುಂಡಗಿದ್ದರೆ ಒಳಹೊಗುವಾಗ ಕತ್ತಿಗೆ ಏಟು. ಹಳೆಯ ಕಾಲದ ಲೂಪುಗಳಿಗೆ ಅದೇ ತೊಂದರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ‘ರೆವಲ್ಯೂಷನ್’ ಕೋಸ್ಟರಿಗೆ ಜರ್ಮನಿಯ ವರ್ನರ್ ಸ್ಟೆಂಗೆಲ್ ನೀರಿನ ಹನಿಯಂಥ ಆಕಾರದ ಲೂಪ್ ಮಾಡಿದರು. ಇಂದಿನ ಲೂಪುಗಳು ಹೆಚ್ಚಾಗಿ ಹಾಗೆಯೇ ಇರುತ್ತವೆ.

ಉಳಿದ ಜಾಗದಲ್ಲಿ ಜೈಂಟ್ ವೀಲ್, ಪಾರ್ಕ್ ಸುತ್ತುವ ಪುಟ್ಟ ರೈಲು, ಸವಾರಿ ಮುಗಿಸಿ ಬರುವ ದಾರಿಯಲ್ಲಿ ಬೆಂಚುಗಳು. ತಲೆ ಸುತ್ತಿದವರು ಕೂತು ಸುಧಾರಿಸಿಕೊಂಡರೆ ದಾರಿ ಗಲೀಜಾಗುವುದಿಲ್ಲ. ಗಾಡಿ ನೋಡಿಕೊಳ್ಳಲು ಮೆಕ್ಯಾನಿಕ್ ಒಬ್ಬ. ಆಟದಲ್ಲೂ ಬ್ರೇಕ್ ಕೆಡುತ್ತದೆ. ತಪಾಸಣೆ ತಪ್ಪಿದರೆ ಅಪಘಾತವಾಗುತ್ತದೆ.

ಆಟದಲ್ಲಿ ಬರುವ ಜನರಿಗೆ ನಮಗೆ ಬೇಕಾದ ಹೆಸರು ಇಡಬಹುದು. ಒಬ್ಬರಿಗೆ ‘ಅಜ್ಜಿ’ ಎಂದು ಹೆಸರಿಟ್ಟು ಅವರ ಹಿಂದೆಯೇ ಬೆರಳಾಡಿಸಿದಳು. ಆ ಅಜ್ಜಿ ವೀಲ್ ಹತ್ತಿದರು, ರೈಲು ಹತ್ತಿದರು, ಆಮೇಲೆ ನೇರವಾಗಿ ಮೈನ್ ಟ್ರೇನಿನ ಕ್ಯೂನಲ್ಲಿ ನಿಂತರು! “ಅಜ್ಜೀ, ಬಂದು ನೋಡಿ, ನೀವು ಎಲ್ಲಿಗೆ ಹೊರಟಿದ್ದೀರಿ!” ನನ್ನಾಕೆ ಸೌಟು ಹಿಡಿದೇ ಬಂದು ನೋಡಿ ನಕ್ಕಳು.

ರಜೆ ಮುಗಿಯುವ ಹೊತ್ತಿಗೆ ಸಾಲ ತೀರಿತು. ಆದರೆ ಒಂದು ಬಾಕಿ ಉಳಿದಿದೆ. ಈ ದಸರಾದಲ್ಲಿ ಡಾಕ್ಟರನ್ನು ಕೇಳಿಕೊಂಡು, ಅವರು ಹೂಂ ಎಂದರೆ ನನ್ನಾಕೆ ಜೈಂಟ್ ವೀಲ್ ಹತ್ತುತ್ತಾಳೆ. ಪಕ್ಕದಲ್ಲಿ ಪುಟ್ಟಿ ಕೂರುತ್ತಾಳಂತೆ. ಬ್ಯಾಗು, ಚಪ್ಪಲಿ ಕಾಯುವುದು ನನ್ನ ಪಾಲಿಗೆ. ಹಪ್ಪಳವೂ ನನ್ನದೇ.

ಈ ವಾರದ ಕೆಲಸ: ಮಕ್ಕಳೇ, ಒಂದು ಹಾಳೆಯಲ್ಲಿ ಚಿಕ್ಕ ಪಾರ್ಕ್ ಬರೆಯಿರಿ. ಮೂರೇ ಸವಾರಿಗಳಿಗೆ ಜಾಗ. ಆರಿಸುವ ಮೊದಲು ಮನೆಯಲ್ಲಿ ಪ್ರತಿಯೊಬ್ಬರನ್ನೂ ಕೇಳಿ. ಬೆಂಚಿನ ಮೇಲೆ ಕೂರುವವರನ್ನು ಮೊದಲು ಕೇಳಿ.