1967: ಶ್ರುತಿ ಹಿಡಿದವರ ವರ್ಷ

ವರ್ಷದ ಕೊನೆಗೆ ಮೆಚ್ಚಿನ ಆಲ್ಬಮ್‌ಗಳ ಪಟ್ಟಿ ಮಾಡುವುದು ಸಂಗೀತದ ಹುಚ್ಚು ಹತ್ತಿದವರೆಲ್ಲರ ಅಭ್ಯಾಸ. ನನಗೂ ಅದು ಪ್ರೀತಿಯ ಕೆಲಸ. ಆದರೆ ಒಂದು ಆಲ್ಬಮ್ಮಿನ ತೂಕ ಅದು ಹೊರಬಂದ ವರ್ಷದಲ್ಲೇ ಗೊತ್ತಾಗುವುದು ಅಪರೂಪ. ಜಾಹೀರಾತಿನ ಗದ್ದಲವೆಲ್ಲ ಅಡಗಿದ ಮೇಲೂ ಕಿವಿ ಯಾವುದನ್ನು ಬೇಡುತ್ತದೆ ಎಂದು ತಿಳಿಯಲು ವರ್ಷಗಳೇ ಬೇಕು. ಹಾಗಾಗಿ ಈ ಸಿಂಹಾವಲೋಕನಕ್ಕೆ ಚೆನ್ನಾಗಿ ಮಾಗಿದ ವರ್ಷವೊಂದನ್ನು ಆರಿಸಿಕೊಂಡಿದ್ದೇನೆ: 1967.

ಆ ವರ್ಷದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲಂಡನ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊದ ರಾಕ್ ತಂಡಗಳಿಂದ ಆರಂಭಿಸಿ ಅಲ್ಲಿಗೇ ಮುಗಿಸುತ್ತಾರೆ. ನನ್ನ ಪಟ್ಟಿಯಲ್ಲಿ ಅವರೂ ಇದ್ದಾರೆ. ಆದರೆ ನನ್ನ ಅಳತೆಗೋಲು ಬೇರೆ. ನಮ್ಮ ಕಛೇರಿಗಳಲ್ಲಿ ಗಾಯಕರ ಹಿಂದೆ ಒಬ್ಬರು ತಂಬೂರಿ ಹಿಡಿದು ಕೂತಿರುತ್ತಾರೆ. ಅವರ ಹೆಸರು ಕರಪತ್ರದಲ್ಲಿ ಇರುವುದಿಲ್ಲ. ಅವರು ಒಂದು ಕ್ಷಣ ನಿಲ್ಲಿಸಿದರೆ ಮಾತ್ರ ಹಾಡಿನ ನೆಲ ಕುಸಿದಂತಾಗುತ್ತದೆ. 1967ರ ಶ್ರೇಷ್ಠ ಆಲ್ಬಮ್‌ಗಳನ್ನು ಮತ್ತೆ ಮತ್ತೆ ಕೇಳಿದಾಗ ನನಗೆ ಎದ್ದು ಕಂಡದ್ದು ಇಂಥ ಹಿಂದೆ ಕೂತವರ ದುಡಿಮೆ. ಆ ವರ್ಷದ ಲೆಕ್ಕವನ್ನು ಅವರನ್ನು ಸೇರಿಸಿಕೊಂಡೇ ಹಾಕಬೇಕು ಎಂಬುದು ನನ್ನ ಮಾತು.

ಮೊದಲು ಮಾಧ್ಯಮದ ಬಗ್ಗೆ ಒಂದಿಷ್ಟು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷದ ಸಂಗೀತ ಹಿಡಿಯುತ್ತಿತ್ತು. ನಮ್ಮ ಹಳೆಯ ಉಸ್ತಾದರು, ವಿದ್ವಾಂಸರು ಇಡೀ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಿ ಹಾಡಿದ್ದಾರೆ. 1948ರಲ್ಲಿ ಎಲ್‌ಪಿ ಬಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಅವಕಾಶ ಸಿಕ್ಕಿತು. ಆದರೂ ಬಹಳ ಕಾಲ ಹೆಚ್ಚಿನ ಕಂಪನಿಗಳು ಅದರೊಳಗೆ ಬಿಡಿ ಹಾಡುಗಳನ್ನು ತುಂಬಿದವು. ಇಡೀ ತಟ್ಟೆಯನ್ನು ಒಂದೇ ಆಲೋಚನೆಗೆ ಮೀಸಲಿಡಬಹುದು ಎಂಬ ನಂಬಿಕೆ 1967ರ ಹೊತ್ತಿಗೆ ಗಟ್ಟಿಯಾಯಿತು, ಭಾರತದಲ್ಲೂ ಹೊರಗೂ.

ಇದಕ್ಕೆ ನನ್ನ ಮೊದಲ ಸಾಕ್ಷಿ ‘ಕಾಲ್ ಆಫ್ ದಿ ವ್ಯಾಲಿ’. ಆ ವರ್ಷದ ನನ್ನ ಅತಿ ಮೆಚ್ಚಿನ ಆಲ್ಬಮ್ ಅದೇ. ಸಂತೂರಿಗೆ ಶಿವಕುಮಾರ ಶರ್ಮ, ಕೊಳಲಿಗೆ ಹರಿಪ್ರಸಾದ್ ಚೌರಾಸಿಯಾ, ಗಿಟಾರಿಗೆ ಬ್ರಿಜ್‌ಭೂಷಣ್ ಕಾಬ್ರಾ. ಕಾಶ್ಮೀರದ ಕಣಿವೆಯಲ್ಲಿ ಕುರಿಗಾಹಿಯೊಬ್ಬನ ಒಂದು ದಿನವೇ ವಸ್ತು. ಬೆಳಗಿನ ಅಹೀರ್ ಭೈರವ್, ನಟ್ ಭೈರವ್‌ಗಳಿಂದ ಹೊರಟು ಪೀಲು, ಭೂಪ್, ದೇಸ್ ದಾಟಿ ಪಹಾಡಿಗೆ ಬಂದು ನಿಲ್ಲುತ್ತದೆ. ರಾಗಕ್ಕೂ ಹೊತ್ತಿಗೂ ಇರುವ ನಂಟನ್ನು ನಾವು ಪಾಠದಂತೆ ಕೇಳಿರುತ್ತೇವೆ. ಇಲ್ಲಿ ಅದು ಕಥೆಯ ಓಟವಾಗಿ ಕಿವಿಗೆ ಬೀಳುತ್ತದೆ. ಸಂತೂರು ಶಾಸ್ತ್ರೀಯ ಸಂಗೀತಕ್ಕೆ ಒಗ್ಗದ ವಾದ್ಯ, ಅದರಲ್ಲಿ ಮೀಂಡ್ ಬರುವುದಿಲ್ಲ ಎಂದು ಹಿರಿಯರು ತಲೆಯಾಡಿಸುತ್ತಿದ್ದ ಕಾಲವದು. ಮೂವತ್ತು ತುಂಬದ ಶಿವಕುಮಾರರು ಆ ಕೊರತೆಯನ್ನೇ ಗುಣವಾಗಿಸಿಕೊಂಡರು. ತಂತಿಯ ಮೇಲೆ ಸಣ್ಣ ಕೋಲುಗಳನ್ನು ಜಾರಿಸಿ ಸ್ವರದಿಂದ ಸ್ವರಕ್ಕೆ ದಾರಿ ಮಾಡಿಕೊಂಡರು. ಮೀಂಡಿನ ಉಳಿದ ಹಸಿವನ್ನು ಕೊಳಲು ಮತ್ತು ಕಾಬ್ರಾ ಅವರ ಜಾರುವ ಗಿಟಾರು ತೀರಿಸಿದವು. ಈ ಮೂವರನ್ನೂ ಹಿಡಿದು ನಿಲ್ಲಿಸಿದ ತಬಲಾ ಮಾಣಿಕರಾವ್ ಪೋಪಟ್ಕರ್ ಅವರದು. ಎಚ್‌ಎಂವಿಯಲ್ಲಿ ಇದನ್ನು ನಿರ್ಮಿಸಿದವರು, ಸ್ವತಃ ಮರಾಠಿ ಭಾವಗೀತೆಗಳ ಗಾಯಕರಾಗಿದ್ದ ಜಿ.ಎನ್. ಜೋಶಿ. ಈ ಆಲ್ಬಮ್ಮಿನ ಮಾತು ಬಂದಾಗ ಮೂವರ ಹೆಸರೇ ಕೇಳಿಬರುತ್ತದೆ. ಐವರ ಹೆಸರು ಕೇಳಿಬರಬೇಕು.

ಎರಡನೆಯದು ‘ವೆಸ್ಟ್ ಮೀಟ್ಸ್ ಈಸ್ಟ್’. ಪಿಟೀಲಿನ ಯೆಹೂದಿ ಮೆನುಹಿನ್, ಸಿತಾರಿನ ರವಿಶಂಕರ್, ತಬಲಾಕ್ಕೆ ಅಲ್ಲಾ ರಖಾ. ಗುಣಕಲಿ ಆಧರಿಸಿದ ‘ಪ್ರಭಾತಿ’, ತಿಲಂಗ್ ಆಧರಿಸಿದ ‘ಸ್ವರ ಕಾಕಲಿ’, ಸಿತಾರಿನಲ್ಲಿ ಪೂರಿಯಾ ಕಲ್ಯಾಣ್, ಕೊನೆಗೆ ಮೆನುಹಿನ್ ತಮ್ಮ ಸೋದರಿ ಹೆಫ್ಜಿಬಾ ಅವರ ಪಿಯಾನೊ ಜೊತೆ ನುಡಿಸಿದ ಎನೆಸ್ಕುವಿನ ಸೊನಾಟಾ. ಈ ಎನೆಸ್ಕು ಮೆನುಹಿನ್ ಅವರ ಗುರು. ತನ್ನ ಗುರುವಿನ ಕೃತಿಯನ್ನು ರಾಗಗಳ ಪಕ್ಕದಲ್ಲಿಟ್ಟದ್ದರಲ್ಲಿ ಆ ದೊಡ್ಡ ವಾದಕನ ವಿನಯವನ್ನು ಕಾಣುತ್ತೇನೆ. ಮೆನುಹಿನ್‌ಗೆ ಮನೋಧರ್ಮ ಸಂಗೀತದ ಅಭ್ಯಾಸವಿರಲಿಲ್ಲ. ಬರೆದುಕೊಟ್ಟ ಸ್ವರಗಳನ್ನು ಕಲಿತು ನುಡಿಸಿದರು. ಜಗತ್ತೆಲ್ಲ ಕೊಂಡಾಡುತ್ತಿದ್ದ ಐವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಆ ಆಲ್ಬಮ್ಮಿಗೆ ಚೇಂಬರ್ ಸಂಗೀತದ ಗ್ರ್ಯಾಮಿ ಬಂತು. ಗ್ರ್ಯಾಮಿ ಪಡೆದ ಮೊದಲ ಭಾರತೀಯ ರವಿಶಂಕರ್.

ಇಲ್ಲಿ ಕನ್ನಡ ನಾಡಿನ ಒಬ್ಬರು ಬರುತ್ತಾರೆ. ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿ 1920ರ ದಶಕದಲ್ಲಿ ಓದಿಗಾಗಿ ಲಂಡನ್ನಿಗೆ ಹೋದ ಅಯನ ದೇವ ಅಂಗಡಿ. ಚಿತ್ರಕಲಾವಿದೆಯಾಗಿದ್ದ ಪತ್ನಿ ಪೆಟ್ರೀಷಿಯಾ ಅವರೊಂದಿಗೆ 1946ರಲ್ಲಿ ಅವರು ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆ ಕಟ್ಟಿದರು. ಭಾರತೀಯ ಸಂಗೀತವೆಂದರೆ ಏನೆಂದೇ ತಿಳಿಯದಿದ್ದ ಲಂಡನ್ನಿನಲ್ಲಿ ಕಛೇರಿಗಳನ್ನು ಏರ್ಪಡಿಸಿದರು, ಕಲಾವಿದರಿಗೆ ಮನೆಯಲ್ಲಿ ಜಾಗ ಕೊಟ್ಟರು. ಮೆನುಹಿನ್ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಮೆನುಹಿನ್ ಯೋಗ ಕಲಿತದ್ದು ಎಲ್ಲರಿಗೂ ಗೊತ್ತು. ಅಯ್ಯಂಗಾರರು ಲಂಡನ್ನಿನಲ್ಲಿ ಯೋಗ ಕಲಿಸಲು ನೆರವಾದದ್ದೂ ಇದೇ ಸಂಸ್ಥೆ. 1965ರಲ್ಲಿ ಬೀಟಲ್ಸ್ ತಂಡದ ಧ್ವನಿಮುದ್ರಣದ ನಡುವೆ ಜಾರ್ಜ್ ಹ್ಯಾರಿಸನ್ನನ ಸಿತಾರಿನ ತಂತಿ ತುಂಡಾದಾಗ ದೂರವಾಣಿ ಕರೆ ಬಂದದ್ದು ಅಂಗಡಿಯವರ ಮನೆಗೆ. ಮುಂದಿನ ವರ್ಷ ಹ್ಯಾರಿಸನ್ ರವಿಶಂಕರ್ ಅವರನ್ನು ಭೇಟಿಯಾದದ್ದೂ ಅದೇ ಮನೆಯಲ್ಲಿ.

ಹೀಗೆ ನಾವು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ಗೆ ಬರುತ್ತೇವೆ. 1967ರ ಮೇ ಕೊನೆಯಲ್ಲಿ ಬಂದ ಈ ಆಲ್ಬಮ್ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ನಾಲ್ಕೇ ಟ್ರ್ಯಾಕಿನ ಯಂತ್ರದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕಟ್ಟಿದ ಆ ನಾದದ ಮಹಲು ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ನನ್ನ ಕಿವಿ ನಿಲ್ಲುವುದು ಎರಡನೆಯ ಬದಿಯ ಮೊದಲ ಹಾಡಿನಲ್ಲಿ. ಹ್ಯಾರಿಸನ್ ಬರೆದ ‘ವಿದಿನ್ ಯು ವಿದೌಟ್ ಯು’ ಹಾಡಿನಲ್ಲಿ ಉಳಿದ ಮೂವರು ಬೀಟಲ್‌ಗಳು ಇಲ್ಲ. ಇರುವುದು ದಿಲ್‌ರುಬಾ, ತಬಲಾ, ತಂಬೂರಿ, ಸ್ವರಮಂಡಲ. ಆಮೇಲೆ ಮಾರ್ಟಿನ್ ಸೇರಿಸಿದ ಪಿಟೀಲು ಮತ್ತು ಚೆಲ್ಲೊಗಳು ದಿಲ್‌ರುಬಾದ ಗಮಕಗಳನ್ನು ಹಿಂಬಾಲಿಸಲು ಕಷ್ಟಪಡುತ್ತವೆ. ಆ ಕಷ್ಟವೇ ಚೆಂದ. ಪಾಶ್ಚಾತ್ಯ ವಾದ್ಯಗಳು ಭಾರತೀಯ ವಾದ್ಯವೊಂದರಿಂದ ನಡಿಗೆ ಕಲಿಯುತ್ತಿರುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನುಡಿಸಿದವರು ಲಂಡನ್ನಿನಲ್ಲಿ ನೆಲೆಸಿದ್ದ, ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಭಾರತೀಯ ವಾದಕರು.

ಆ ಆಲ್ಬಮ್ಮಿನ ಹೊದಿಕೆಯ ಮೇಲೆ ಐವತ್ತಕ್ಕೂ ಹೆಚ್ಚು ಪ್ರಸಿದ್ಧರ ಮುಖಗಳಿವೆ. ಪರಮಹಂಸ ಯೋಗಾನಂದರೂ ಇದ್ದಾರೆ. ಭಾರತದಲ್ಲಿ ಯಾರಾದರೂ ನೊಂದುಕೊಂಡಾರೆಂದು ಗಾಂಧೀಜಿಯ ಚಿತ್ರವನ್ನು ಕಂಪನಿ ತೆಗೆಸಿತು. ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಪೂರ್ಣ ಸಾಹಿತ್ಯವಿದೆ. ಇಷ್ಟೆಲ್ಲಕ್ಕೂ ಜಾಗವಿದ್ದ ಕಡೆ ದಿಲ್‌ರುಬಾ, ತಬಲಾ ನುಡಿಸಿದವರ ಹೆಸರಿಗೆ ಜಾಗ ಸಿಗಲಿಲ್ಲ. ಅನ್ನಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕನ್ಸಾರಾ, ನಟ್ವರ್ ಸೋನಿ ಎಂಬ ಹೆಸರುಗಳು ಹೊರಬರಲು ದಶಕಗಳೇ ಬೇಕಾದವು. ಆ ಹಾಡನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಕೇಳಿದ್ದಾರೆ. ಆ ಜನರಿಗೂ ಆ ವಾದಕರಿಗೂ ಆದ ಅನ್ಯಾಯ ಇದು.

ಅದೇ ವರ್ಷದ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರವಿಶಂಕರ್ ಮಧ್ಯಾಹ್ನವಿಡೀ ನುಡಿಸಿದರು. ಭೀಮ್‌ಪಲಾಸಿ, ಅಲ್ಲಾ ರಖಾ ಅವರ ಏಕತಾಳದ ತಬಲಾ, ಒಂದು ಧುನ್ ಸೇರಿದ ಎಲ್‌ಪಿ ವರ್ಷ ಮುಗಿಯುವ ಮೊದಲೇ ಬಂತು. ಗಿಟಾರು, ಡ್ರಮ್ಮುಗಳ ಅಬ್ಬರಕ್ಕಾಗಿ ಬಂದಿದ್ದ ಸಾವಿರಾರು ಯುವಕರು ಆಲಾಪದ ನಿಧಾನಕ್ಕೆ ಕಿವಿಗೊಟ್ಟರು. ಅಮಲಿನಲ್ಲಿ ಕೇಳಬೇಡಿ ಎಂದು ರವಿಶಂಕರ್ ಆ ಕಾಲದ ಶ್ರೋತೃಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಅಂದು ಹಿಂದೆ ತಂಬೂರಿ ಹಿಡಿದು ಕೂತಿದ್ದವರು ಕಮಲಾ ಚಕ್ರವರ್ತಿ.

ಭಾರತದ ನಂಟಿಲ್ಲದ ಕಡೆಯೂ ನನಗೆ ಇದೇ ಕಥೆ ಕಾಣುತ್ತದೆ. ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದಿ ವೇ ಐ ಲವ್ ಯು’ ಮಾರ್ಚ್ 10ರಂದು ಹೊರಬಂತು. ಅದಕ್ಕೂ ಮೊದಲು ಬೇರೊಂದು ಕಂಪನಿಯಲ್ಲಿ ವರ್ಷಗಟ್ಟಲೆ ಹಾಡಿದ್ದರೂ ಅವರ ನಿಜವಾದ ಕಂಠ ಹೊರಬಿದ್ದಿರಲಿಲ್ಲ. ಜನವರಿಯಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಸ್ಟುಡಿಯೊದಲ್ಲಿ ಸ್ಪೂನರ್ ಓಲ್ಡಮ್ ಎಂಬ ವಾದಕರು ವಿದ್ಯುತ್ ಪಿಯಾನೊದ ಮೇಲೆ ಒಂದು ಸಣ್ಣ ಪಲುಕು ಹುಡುಕಿಕೊಟ್ಟರು. ಅಲ್ಲಿಂದ ಶೀರ್ಷಿಕೆ ಗೀತೆ ತೆರೆದುಕೊಂಡಿತು. ಜಗಳವೊಂದರಿಂದ ಅಲ್ಲಿನ ಕೆಲಸ ಒಂದೇ ದಿನಕ್ಕೆ ನಿಂತಾಗ ಅದೇ ವಾದಕರನ್ನು ನ್ಯೂಯಾರ್ಕಿಗೆ ಕರೆಸಿ ಮುಂದುವರಿಸಿದರು. ಓಟಿಸ್ ರೆಡ್ಡಿಂಗ್ ಬರೆದ ‘ರೆಸ್ಪೆಕ್ಟ್’ ಹಾಡು ಗಂಡಸಿನ ಬಾಯಲ್ಲಿ ಮನೆಯೊಳಗಿನ ಬೇಡಿಕೆಯಾಗಿತ್ತು. ಅರೀಥಾ ಬಾಯಲ್ಲಿ ಅದು ಹೆಣ್ಣಿನ ಮತ್ತು ಕಪ್ಪು ಜನರ ಹಕ್ಕಿನ ದನಿಯಾಯಿತು. ಹಿಂದೆ ದನಿಗೂಡಿಸಿದವರು ಅವರ ಸೋದರಿಯರಾದ ಕ್ಯಾರೊಲಿನ್ ಮತ್ತು ಎರ್ಮಾ. ಆ ಹಿಮ್ಮೇಳವನ್ನು ತೆಗೆದರೆ ಹಾಡಿನ ಅರ್ಧ ಬಲ ಹೋಗುತ್ತದೆ. ವರ್ಣಭೇದ ಇನ್ನೂ ಉಸಿರಾಡುತ್ತಿದ್ದ ಅಲಬಾಮಾದಲ್ಲಿ ಬಿಳಿಯ ವಾದಕರೂ ಕಪ್ಪು ಗಾಯಕಿಯೂ ಒಂದೇ ಕೋಣೆಯಲ್ಲಿ ಕೂತು ಇಂಥ ಸಂಗೀತ ಮಾಡಿದರು ಎಂಬುದನ್ನು ನಾನು ಆ ವರ್ಷದ ಲಾಭದ ಖಾತೆಯಲ್ಲಿ ಮೊದಲು ಬರೆಯುತ್ತೇನೆ.

ಅರೀಥಾ ಆಲ್ಬಮ್ ಬಂದ ಎರಡು ದಿನಕ್ಕೆ ಹೊರಬಂದ ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಆ್ಯಂಡ್ ನಿಕೊ’ ಆಗ ಹೆಚ್ಚು ಮಾರಾಟವಾಗಲಿಲ್ಲ. ಆ್ಯಂಡಿ ವಾರ್ಹಾಲ್ ಬರೆದ ಬಾಳೆಹಣ್ಣಿನ ಹೊದಿಕೆಯಿಂದಲೇ ಅನೇಕರಿಗೆ ಅದರ ನೆನಪು. ನನ್ನನ್ನು ಹಿಡಿದದ್ದು ಅದರೊಳಗಿನ ಎಡೆಬಿಡದ ಶ್ರುತಿ. ತಂಡದ ಲೂ ರೀಡ್ ಕೆಲವು ಹಾಡುಗಳಲ್ಲಿ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಕೂಡಿಸಿದರು. ಜಾನ್ ಕೇಲ್ ವಿಯೋಲಾದ ಮೇಲೆ ಒಂದೇ ನಾದವನ್ನು ಎಳೆದು ನಿಲ್ಲಿಸಿದರು. ಕೇಲ್ ಅದನ್ನು ಸಾಧಿಸಿದ್ದು ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಅವರ ಬಳಗದಲ್ಲಿ. ಈ ಯಂಗ್ ಮುಂದೆ 1970ರಲ್ಲಿ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರನ್ನು ಕೇಳಿ ಬೆಳೆದ ನಮ್ಮ ಧಾರವಾಡ ಸೀಮೆಯವರಿಗೆ ಕಿರಾನಾದ ಸ್ವರನಿಷ್ಠೆ ಹೊಸದಲ್ಲ. ನ್ಯೂಯಾರ್ಕಿನ ಕತ್ತಲ ಬೀದಿಗಳ ಹಾಡುಗಳಿಗೆ ಅಂಥದ್ದೇ ನಾದದ ಹಂಬಲವಿತ್ತು ಎಂದು ತಿಳಿದಾಗ ಆ ಆಲ್ಬಮ್ ನನಗೆ ಹತ್ತಿರವಾಯಿತು.

ನಷ್ಟದ ಖಾತೆಯೂ ಸಣ್ಣದಲ್ಲ. ಜುಲೈ 17ರಂದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನಲವತ್ತನೆಯ ವಯಸ್ಸಿಗೇ ತೀರಿಕೊಂಡರು. ರವಿಶಂಕರ್ ಮೇಲಿನ ಗೌರವಕ್ಕೆ ಮಗನಿಗೆ ರವಿ ಎಂದು ಹೆಸರಿಟ್ಟವರು ಅವರು. ಅವರ ಸಾವಿನ ನಂತರ ಬಂದ ‘ಎಕ್ಸ್‌ಪ್ರೆಶನ್’ನಲ್ಲಿ ಪತ್ನಿ ಆಲಿಸ್ ಅವರ ಪಿಯಾನೊ ಅಲೆಯಲೆಯಾಗಿ ಹರಡಿ, ಸ್ಯಾಕ್ಸೊಫೋನಿನ ಹುಡುಕಾಟಕ್ಕೆ ನೆಲೆ ಕೊಡುತ್ತದೆ. ಡಿಸೆಂಬರ್ 10ರಂದು ಓಟಿಸ್ ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ಹೋದರು. ಗಿಟಾರಿನ ಭಾಷೆಯನ್ನೇ ಬದಲಿಸಿದ ಜಿಮಿ ಹೆಂಡ್ರಿಕ್ಸ್‌ರ ‘ಆರ್ ಯು ಎಕ್ಸ್‌ಪೀರಿಯೆನ್ಸ್ಡ್’, ವರ್ಷದ ಕೊನೆಯ ವಾರ ಬಂದ ಲಿಯೊನಾರ್ಡ್ ಕೊಹೆನ್ ಅವರ ಮೊದಲ ಆಲ್ಬಮ್ ಇವೆರಡೂ ನನ್ನ ಪಟ್ಟಿಯಲ್ಲಿವೆ. ಅವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ಕನ್ನಡದಲ್ಲಿ ಆ ವರ್ಷ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ಚಿತ್ರ ಬಂತು. ಅದರಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರ್ ಕಟ್ಟಿದ ರಾಗ ಮನೆಮನೆಗೂ ತಲುಪಿತು. ಒಂದು ದೊಡ್ಡ ಕವಿತೆ ಪುಸ್ತಕದಿಂದ ಇಳಿದು ಓದು ಬಾರದವರ ನಾಲಗೆಯ ಮೇಲೂ ಕೂತದ್ದು ಸಣ್ಣ ಸಾಧನೆಯಲ್ಲ. ಆ ಕಾಲದ ಕನ್ನಡ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾಗುತ್ತಿದ್ದವು. ಅಲ್ಲಿ ಕೊಳಲು, ಪಿಟೀಲು, ವೀಣೆ ನುಡಿಸಿದ ನೂರಾರು ಕೈಗಳು ನಮ್ಮ ಬಾಲ್ಯವನ್ನು ರೂಪಿಸಿವೆ. ಅವರಲ್ಲಿ ಹೆಚ್ಚಿನವರ ಹೆಸರು ತಟ್ಟೆಯ ಮೇಲೆ ಅಚ್ಚಾಗಲೇ ಇಲ್ಲ.

1967ರ ಲೆಕ್ಕ ನನಗೆ ಹೀಗೆ ಕೂಡಿಬರುತ್ತದೆ. ಆ ವರ್ಷ ಸಂಗೀತ ದೇಶಗಳನ್ನು ದಾಟಿತು, ಎಲ್‌ಪಿ ಒಂದು ಕೃತಿಯಾಗಿ ಬೆಳೆಯಿತು, ಕೇಳುವವರು ದೀರ್ಘವಾಗಿ ಕೂತು ಕೇಳುವುದನ್ನು ಕಲಿತರು. ಈ ಮೂರೂ ಆದದ್ದು ಮುಂದೆ ನಿಂತ ಪ್ರತಿಭೆಯಿಂದ ಮಾತ್ರವಲ್ಲ. ಜಕನೂರಿನಿಂದ ಹೋದವರೊಬ್ಬರು ಇಪ್ಪತ್ತು ವರ್ಷ ಬಾಗಿಲು ತೆರೆದಿಟ್ಟುಕೊಂಡಿದ್ದರಿಂದ, ತಬಲಾ, ದಿಲ್‌ರುಬಾ, ಪಿಯಾನೊಗಳ ಹಿಂದೆ ಕೂತವರು ಮನಸ್ಸಿಟ್ಟು ನುಡಿಸಿದ್ದರಿಂದ ಆದದ್ದು. ಇಂದು ಫೋನಿನಲ್ಲಿ ಹಾಡು ಕೇಳುವವರಿಗೆ ಎಲ್‌ಪಿ ಹೊದಿಕೆಯ ಹಿಂಬದಿಯೂ ಇಲ್ಲ. ಗಾಯಕರ ಹೆಸರು ಸಿಕ್ಕರೆ ಪುಣ್ಯ, ವಾದಕರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಹಾಡು ಬಿಡುಗಡೆ ಮಾಡುವ ಕನ್ನಡದ ಕಂಪನಿಗಳು ಪ್ರತಿ ಹಾಡಿನ ಜೊತೆ ಎಲ್ಲ ವಾದಕರ, ಧ್ವನಿ ತಂತ್ರಜ್ಞರ ಹೆಸರು ಕೊಡಬೇಕು. ಮದ್ರಾಸಿನ ದಿನಗಳಲ್ಲಿ ನುಡಿಸಿದವರು ಬದುಕಿರುವಾಗಲೇ ನಮ್ಮ ಅಕಾಡೆಮಿಗಳು ಅವರ ನೆನಪುಗಳನ್ನು ದಾಖಲಿಸಬೇಕು. ಅಯನ ಅಂಗಡಿಯವರ ಕೆಲಸ ಕನ್ನಡದ ಶಾಲಾಮಕ್ಕಳಿಗೆ ತಿಳಿಯಬೇಕು. ವರ್ಷಾಂತ್ಯಕ್ಕೆ ಪಟ್ಟಿ ಮಾಡುವ ನಾವೂ ಪ್ರತಿ ಆಲ್ಬಮ್ಮಿನ ಎದುರು ಹಿಂದೆ ಕೂತ ಒಬ್ಬರ ಹೆಸರನ್ನಾದರೂ ಹುಡುಕಿ ಬರೆಯೋಣ. ಅಷ್ಟು ಮಾಡದ ಪಟ್ಟಿ ಅರ್ಧ ಲೆಕ್ಕ.