‘ಆರಾಮ ಅದೀನ್ರಿ’ ಎಂಬ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವ ಮುನ್ನ

ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರ ಕಡೆಯ ತೊಗರಿ ಹೊಲದಲ್ಲಿ ಕಳೆ ತೆಗೆಯುವ, ಅರವತ್ತು ದಾಟಿದ ಹೆಣ್ಣುಮಗಳನ್ನು ‘ಆರೋಗ್ಯ ಹೆಂಗದವ್ವ?’ ಎಂದು ಕೇಳಿದರೆ ‘ಆರಾಮ ಅದೀನ್ರಿ’ ಎನ್ನುತ್ತಾಳೆ. ಮೊಣಕಾಲು ಬಾತಿರುತ್ತದೆ, ಬಿಪಿ ಎಷ್ಟಿದೆಯೆಂದು ಯಾರೂ ನೋಡಿರುವುದಿಲ್ಲ. ಕಲಬುರಗಿ ನಗರದಲ್ಲಿ ತಿಂಗಳಿಗೊಮ್ಮೆ ಶುಗರ್ ತೋರಿಸಿಕೊಳ್ಳುವ ನಿವೃತ್ತ ನೌಕರರು ಅದೇ ಪ್ರಶ್ನೆಗೆ ‘ಅಷ್ಟಕ್ಕಷ್ಟೇ’ ಎನ್ನುತ್ತಾರೆ. ಈ ಎರಡು ಉತ್ತರಗಳನ್ನು ಹಾಗೆಯೇ ಒಂದು ಕೋಷ್ಟಕಕ್ಕೆ ತುಂಬಿದರೆ ಹೆಚ್ಚು ಆರೋಗ್ಯವಂತ ಊರು ಕಮಲಾಪುರವೇ ಆಗಿಬಿಡುತ್ತದೆ. ನಾಳೆ ಅನುದಾನವೂ ಆ ಲೆಕ್ಕದ ಬೆನ್ನು ಹತ್ತಿದರೆ ಅನ್ಯಾಯ ತಪ್ಪದು. ಅದಕ್ಕೇ ಈಗಲೇ ಎಚ್ಚರಿಸುತ್ತಿದ್ದೇವೆ.

ಪ್ರಶ್ನೆಯೇನೂ ಕ್ಷುಲ್ಲಕವಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ವೃದ್ಧರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ‘ನನ್ನ ಆರೋಗ್ಯ ಕೆಟ್ಟಿದೆ’ ಎಂದವರು ಬೇಗ ಸಾಯುವ ಸಂಭವ ‘ಅತ್ಯುತ್ತಮ’ ಎಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ದಾಖಲಾದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಅಳಿಯಲಿಲ್ಲ. ಮೈಯ ಸಂಕಟ ವೈದ್ಯರಿಗಿಂತ ಮೊದಲು ಮೈಯೊಡೆಯನಿಗೆ ತಿಳಿಯುತ್ತದೆ. ವಯಸ್ಸಾಗುವಿಕೆ ಕುರಿತ ನಮ್ಮ ದೇಶದ ‘ಲಾಸಿ’ ಸಮೀಕ್ಷೆಯೂ 2017–18ರಲ್ಲಿ 45 ವರ್ಷ ತುಂಬಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರಿಗೆ ಇದೇ ಪ್ರಶ್ನೆ ಹಾಕಿತು. ವಯಸ್ಸು, ಓದು, ಆದಾಯ, ಕಾಯಿಲೆ, ಒಂಟಿತನ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸಂಖ್ಯಾಶಾಸ್ತ್ರದ ಮಾದರಿಗಳ ಕೆಲಸ.

ಆದರೆ ಆ ಮಾದರಿಗಳು ಸಾಮಾನ್ಯವಾಗಿ ಎಲ್ಲರ ಅಳತೆಗೋಲೂ ಒಂದೇ ಎಂದು ನಂಬಿ ಹೊರಡುತ್ತವೆ. ಅಮರ್ತ್ಯ ಸೇನ್ 2002ರಲ್ಲೇ ಇದರ ಅಪಾಯ ತೋರಿಸಿದ್ದರು: ದೀರ್ಘಾಯುಷ್ಯದ ಕೇರಳದ ಜನ ಹೆಚ್ಚು ಕಾಯಿಲೆ ಹೇಳಿಕೊಂಡರೆ, ಬಡ ಬಿಹಾರದವರು ಕಡಿಮೆ ಹೇಳಿಕೊಂಡಿದ್ದರು. ಓದು ಮತ್ತು ಆಸ್ಪತ್ರೆ ಹತ್ತಿರವಿದ್ದಲ್ಲಿ ನೋವಿಗೆ ಹೆಸರು ಸಿಗುತ್ತದೆ. ಇಲ್ಲದಲ್ಲಿ ಅದು ‘ವಯಸ್ಸಾತು, ಇರೋದೇ’ ಎಂದು ನುಂಗಿಹೋಗುತ್ತದೆ. ಜಿಮ್ಸ್, ಇಎಸ್‌ಐ, ಜಯದೇವ ಆಸ್ಪತ್ರೆಗಳೆಲ್ಲವೂ ಕಲಬುರಗಿ ನಗರದಲ್ಲೇ ಇರುವಾಗ ಈ ಮಾತು ನಮ್ಮ ಜಿಲ್ಲೆಗೆ ಇನ್ನೂ ಚುರುಕಾಗಿ ತಾಗಬೇಕು.

ಇನ್ನೊಂದು ಹಳೆಯ ಗಾಯವೂ ಇದೆ. 2002ರ ನಂಜುಂಡಪ್ಪ ವರದಿ ತಾಲ್ಲೂಕುಗಳ ಹಿಂದುಳಿಯುವಿಕೆಯನ್ನು ಅಳೆದಾಗ ಕಮಲಾಪುರ ತಾಲ್ಲೂಕೇ ಆಗಿರಲಿಲ್ಲ. ಅದರ ಕೊರತೆಗಳು ನಗರವಿದ್ದ ಗುಲಬರ್ಗಾ (ಈಗಿನ ಕಲಬುರಗಿ) ತಾಲ್ಲೂಕಿನ ಸರಾಸರಿಯಲ್ಲಿ ಮುಳುಗಿದವು. ಹೊಸ ತಾಲ್ಲೂಕಿನ ಘೋಷಣೆ ಬಂದದ್ದು 2017–18ರ ಬಜೆಟ್‌ನಲ್ಲಿ. ಲಾಸಿಯ ಅಂಕಿಗಳಂತೂ ರಾಜ್ಯಮಟ್ಟದಿಂದ ಕೆಳಗಿಳಿಯುವುದೇ ಇಲ್ಲ.

ದಾರಿಯಿಲ್ಲವೆಂದಲ್ಲ. ವಯಸ್ಸಾದವರ ಆರೋಗ್ಯ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ‘ಸೇಜ್’ ಅಧ್ಯಯನ ಕರ್ನಾಟಕಕ್ಕೂ ಬಂದಿತ್ತು. ಅದು ಸ್ವಂತ ಆರೋಗ್ಯದ ಜೊತೆಗೆ ಕಲ್ಪಿತ ವ್ಯಕ್ತಿಯೊಬ್ಬರ ಸ್ಥಿತಿಯನ್ನು ವಿವರಿಸಿ ‘ಇವರ ಆರೋಗ್ಯ ಹೇಗೆ?’ ಎಂದೂ ಕೇಳುತ್ತಿತ್ತು. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದವರನ್ನು ಒಬ್ಬರು ‘ಚಲೋ’ ಎಂದು, ಇನ್ನೊಬ್ಬರು ‘ಕೆಟ್ಟ’ ಎಂದು ಗುರುತಿಸಿದರೆ ಇಬ್ಬರ ಅಳತೆಗೋಲಿನ ವ್ಯತ್ಯಾಸ ತಿಳಿದಂತಾಯಿತು. ಕೈಹಿಡಿತದ ಬಲ, ರಕ್ತದೊತ್ತಡವನ್ನೂ ಅಳೆದರೆ ಉತ್ತರದ ಹಿಂದಿನ ದೇಹವೂ ಕಾಣುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮುಂದಿನ ಕ್ರಿಯಾಯೋಜನೆಗೆ ಮೊದಲು ಕಲಬುರಗಿ ನಗರ ಮತ್ತು ಕಮಲಾಪುರದಲ್ಲಿ ಇಂಥ ಸಮೀಕ್ಷೆಯನ್ನು ಬೇರೆಬೇರೆಯಾಗಿ ಮಾಡಿಸಲಿ. ಬಿಪಿ ಯಂತ್ರವಿಲ್ಲದೆ ಬರೆದುಕೊಂಡ ‘ಆರಾಮ’ದ ಮೇಲೆ ಒಂದು ರೂಪಾಯಿಯ ಅನುದಾನವನ್ನೂ ಕಡಿತ ಮಾಡಬಾರದು.